ಎರಡನೆಯ ಸಲದ ಸಾಲು

ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ಭರವಸೆ ಇಲ್ಲ. ಧಾರವಾಡದಲ್ಲಿ ಇತಿಹಾಸ ಓದಿದ್ದರ ಫಲ ಇದು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ಕಲಿಸಿ ಕಳಿಸಿದರು. ನನ್ನ ಬದುಕಿನ ಮುಕ್ಕಾಲು ಸಂಗತಿಗಳಿಗೆ ನಾನೊಬ್ಬನೇ ಸಾಕ್ಷಿ. ಬಾದಾಮಿಯ ಬಂಡೆಗಲ್ಲಿನ ಶಾಸನದ ಮುಂದೆ ನಿಂತರೂ, ಇದನ್ನು ಬರೆಸಿದವನಿಗೆ ಎಲ್ಲ ಸರಿಯಾಗಿ ನೆನಪಿತ್ತೇ ಎಂಬ ಅನುಮಾನವೇ ಮೊದಲು ಬರುತ್ತದೆ.

ಒಂದು ಸಂಗತಿಯನ್ನು ಮಾತ್ರ ಅನುಮಾನಿಸದೆ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಹರೆಯದಲ್ಲಿ, ಇಳಕಲ್ಲಿನ ನಮ್ಮ ಓಣಿಯ ತುದಿಯ ಬಾರಿನಲ್ಲಿ, ಗೆಳೆಯ ದಸ್ತಗೀರ ಕಿವಿಗೆ ಕೈ ಹಚ್ಚಿ ಹಾಡಿದ್ದ. ಗಿರಾಕಿಗಳು ಗ್ಲಾಸು ಕೆಳಗಿಟ್ಟು ಕೇಳಿದ್ದರು. ಈಚೆಗೆ ಇದನ್ನು ಅವನ ಮನೆಯಲ್ಲೇ, ಊಟಕ್ಕೆ ಕೂತಾಗ, ಅವನ ಹೆಂಡತಿ ಹಸೀನಾ ಭಾಬಿಯ ಎದುರು ಹೇಳಿಬಿಟ್ಟೆ. ಭಾಬಿ ತಾಟು ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಗಂಡನೊಡನೆ ಮಾತು ಬಿಟ್ಟರು.

"ನಾ ಯಾವಾಗ ಬಾರಿನ್ಯಾಗ ಹಾಡೀನಿ ಲೇ? ಕುಡಿಯೋದಂತೂ ದೂರ ಉಳೀತು," ಎಂದು ದಸ್ತಗೀರ ತನ್ನ ಸೀರೆ ಅಂಗಡಿ ಬಿಟ್ಟು ನನ್ನ ಮನೆಗೇ ಬಂದ. "ಬಂದು ನಿಮ್ಮ ಭಾಬಿ ಮುಂದ ಸುಳ್ಳು ಅಂತ ಹೇಳು."

"ಸುಳ್ಳೋ ಖರೇನೋ ನೋಡ್ಬೇಕಲ್ಲ? ಜಾಗಾ ನೋಡಿದ್ರ ನೆನಪಾಗ್ತದ, ನಡಿ."

ಬಾರು ಆಗಷ್ಟೇ ಹೊಸದಾಗಿತ್ತು. ಪರದೆ ಹಾಕಿದ ಖೋಲಿಗಳೆಲ್ಲ ಹೋಗಿ ಗೋಡೆಗೆ ನಮ್ಮೂರ ಕೆಂಪು ಗ್ರಾನೈಟು ಬಂದಿತ್ತು. ದಸ್ತಗೀರ ಹಾಡಿದನೆಂದು ನಾನು ಹೇಳುತ್ತಿದ್ದ ಜಾಗದಲ್ಲಿ ಕೈ ತೊಳೆಯುವ ಬೇಸಿನ್ನು. "ನಾ ಇಲ್ಲೇ ಹಾಡಿದ್ನೇನು?" ಎಂದು ಕೇಳಿ, ಅದರಲ್ಲೇ ಕೈ ತೊಳೆದುಕೊಂಡು ಬಂದು ಕೂತು, ಲಿಂಬು ಸೋಡಾ ಹೇಳಿದ.

ಮೂಲೆಯ ಸಣ್ಣ ವೇದಿಕೆಯ ಮೇಲೆ ಅಂದು ಹುಬ್ಬಳ್ಳಿಯ ಮೂವರು ಯುವಕರ ಬ್ಲೂಸ್ ಹಾಡು. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕರಿಯ ಜನರ ಸಂಕಟದಿಂದ ಹುಟ್ಟಿದ್ದು ಎಂದು ಹಾಡುಗಾರ ವಿವರಿಸಿದ. "ಹತ್ತಿ ಬಿಡಿಸೋರ ಹಾಡಂದ್ರ ತಿಳೀತದ ಬಿಡು," ಎಂದ ದಸ್ತಗೀರ.

ಬ್ಲೂಸಿನ ಕಟ್ಟು ಸರಳ. ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಬಳಿಕ ಅದಕ್ಕೆ ಜವಾಬಿನಂಥ ಮೂರನೆಯದು. ದಸ್ತಗೀರ ಒಂದು ಕಾಲಕ್ಕೆ ಮೊಹರಮ್ ಪದಗಳ ಮೇಳದಲ್ಲಿ ಹಿಂದೆ ನಿಂತು ಹಾಡುತ್ತಿದ್ದವ. ನಮ್ಮ ಕಡೆಯ ಮೇಳದಲ್ಲಿ ಮೊದಲ ಸಲದ ಸಾಲು ಮುಂದಿನವನದು, ಎರಡನೆಯ ಸಲದ್ದು ಹಿಂದಿನವರದು. ಅದನ್ನೂ ಮುಂದಿನವನೇ ಹಾಡಿದರೆ ಹಿಂದಿನವರಿಗೇನು ಕೆಲಸ? ಮೂರನೆಯ ಹಾಡಿನ ಹೊತ್ತಿಗೆ ದಸ್ತಗೀರನ ಕೈ ತಾನಾಗಿ ಕಿವಿಗೆ ಹೋಯಿತು. ಮಾತು ಗೊತ್ತಿಲ್ಲದ್ದರಿಂದ ಬರೀ ಧಾಟಿಯನ್ನು "ಹೋ..." ಎಂದು ಎತ್ತಿದ. ಹಾಡುಗಾರ ಬೆಚ್ಚಿ ಈ ಕಡೆ ನೋಡಿ, ನಕ್ಕು, ಆಮೇಲೆ ಪ್ರತಿ ಎರಡನೆಯ ಸಾಲನ್ನೂ ಇವನಿಗೇ ಬಿಟ್ಟುಕೊಟ್ಟ. ಗ್ಲಾಸುಗಳು ಕೆಳಗಿಳಿದವು.

ಇದೇ ಅಲ್ಲವೇ ನನಗೆ ನೆನಪಿದ್ದದ್ದು? ಅಥವಾ ಆ ಕಿವಿಗೆ ಹಚ್ಚಿದ ಕೈಯನ್ನು ಯಾವುದೋ ಮೊಹರಮ್ಮಿನಲ್ಲಿ ನೋಡಿ, ತಂದು ಬಾರಿನಲ್ಲಿ ಕೂಡಿಸಿದ್ದೆನೇ? ಇಪ್ಪತ್ತೈದು ವರ್ಷ ನಾನು ಹೇಳಿದ ಸುಳ್ಳು ಈಗ ಖರೆಯಾಯಿತೋ, ಖರೆಯೇ ಎರಡನೆಯ ಸಲ ಬಂತೋ ತಿಳಿಯಲಿಲ್ಲ.

"ಹಾಡಿದ್ದೇನಲ್ಲ, ಬರೇ ದನಿಗೂಡಿಸೀನಿ," ಎಂದ ದಸ್ತಗೀರ, ದಾರಿಯಲ್ಲಿ. "ನಾಳೆ ಬಂದು ಹೇಳ್ತಿಯಿಲ್ಲೋ?"

ಮರುದಿನ ಹೋದೆ. "ಭಾಬಿ, ಆ ಬಾರಿನ ಮಾತು ಸುಳ್ಳರಿ. ನನ್ನ ನೆನಪು ನೆಟ್ಟಗಿಲ್ಲ."

"ಸುಮ್ನಿರ್ರಿ ಅಣ್ಣಾರ. ಮುಂಜಾನಿಂದ ಇವ್ರು ಎಂಥದೋ ಧಾಟಿ ಗುನುಗಾಕತ್ತಾರ, ನನಗ ಕಿವಿ ಇಲ್ಲೇನು?" ಎಂದರು ಭಾಬಿ. "ಬಾರಿನ್ಯಾಗ ಹಾಡಿದ್ದಕ್ಕಲ್ಲ ನನ್ನ ಸಿಟ್ಟು. ಲಗ್ನ ಆದಾಗಿಂದ ಹಾಡ್ರಿ ಅಂತ ಕೇಳೀನಿ, ದನಿ ಹೋಗೇದ ಅಂದ್ರು. ಮನ್ಯಾಗ ಒಂದು ಸಾಲು ಹಾಡಿಲ್ರಿ."

ದಸ್ತಗೀರ ನನ್ನನ್ನು ನೋಡಿದ. ನಾನು ಚಹಾದ ಬಸಿ ನೋಡಿದೆ. ಕೊನೆಗೆ ಅವನು ಕೆಮ್ಮಿ, ಕಿವಿಗೆ ಕೈ ಹಚ್ಚಿ, ಹಳೆಯ ಪದದ ಒಂದು ಸಾಲು ಹಾಡಿ ನಿಲ್ಲಿಸಿದ. ಮರೆತನೆಂದುಕೊಂಡೆ, ಅಲ್ಲ, ಎರಡನೆಯ ಸಲದ ಸಾಲಿಗೆ ಕಾಯುತ್ತಿದ್ದ. ಅಡುಗೆಮನೆಯ ಬಾಗಿಲಿಗೆ ಆತು ನಿಂತ ಭಾಬಿ, ಸೆರಗಿನ ಮರೆಯಲ್ಲಿ, ಆ ಸಾಲನ್ನು ಎತ್ತಿಕೊಂಡರು.

ಇದನ್ನು ನಾನು ಕಣ್ಣಾರೆ ಕಂಡೆ. ಮುಂದೊಂದು ದಿನ ನನಗೇ ಅನುಮಾನ ಬಂದರೂ ಚಿಂತೆಯಿಲ್ಲ. ಇದಕ್ಕೆ ಇನ್ನಿಬ್ಬರು ಸಾಕ್ಷಿಗಳಿದ್ದಾರೆ, ಅವರೀಗ ಮಾತಾಡುತ್ತಲೂ ಇದ್ದಾರೆ.