ಅಜ್ಜಿ ನೀರು ಹಾಕಿ ಬಂದ ಗುರುವಾರ

ವಿಚಿತ್ರ ಅನುಭವಗಳ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದವಳು ನಾನು. ನಂಬುವವರ ಮೇಲೆ ಸಿಟ್ಟಿರಲಿಲ್ಲ, ಅವರಿಗೆ ಬೇರೆ ಕೆಲಸವಿಲ್ಲ ಅಂದುಕೊಳ್ಳುತ್ತಿದ್ದೆ. ಇದನ್ನೂ ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ, ನಾನು ಮಾಡಿದ್ದನ್ನೂ ಮುಚ್ಚಿಡದೆ, ಒಮ್ಮೆ ಬರೆದುಬಿಡಬೇಕೆಂದು ಕೂತಿದ್ದೇನೆ. ಇಲ್ಲಿ ಸತ್ತವರಾರೂ ಎದ್ದು ಬರುವುದಿಲ್ಲ. ಅಜ್ಜಿ ಆಗಿನ್ನೂ ಬದುಕಿದ್ದಳು.

ಅಜ್ಜಿಯ ಹೆಸರು ನಂಜಮ್ಮ, ಅಮ್ಮನ ತಾಯಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಐದು ವರ್ಷದ ಮಗಳ ಕೈ ಹಿಡಿದು ಹಳ್ಳಿ ಬಿಟ್ಟು ಮೈಸೂರಿಗೆ ಬಂದವಳು. ನಜರ್‌ಬಾದಿನ ಒಂದು ಓಣಿಯಲ್ಲಿ ಬಾಡಿಗೆ ಮನೆ ಹಿಡಿದಳು. ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಸೀರೆ ಎತ್ತಿ ಕಟ್ಟಿ, ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಂಡಳೆಂದರೆ ಎಂಥ ರಚ್ಚೆಯ ಮಗುವೂ ಸುಮ್ಮನಾಗುತ್ತಿತ್ತಂತೆ. ಜ್ವರ ಬಂದರೂ ಕೆಲಸಕ್ಕೆ ತಪ್ಪಿಸಿದವಳಲ್ಲ. "ಕೈ ಬೆಚ್ಚಗಿದ್ರೆ ಕೂಸಿಗೆ ಒಳ್ಳೇದೇ ಕಣಮ್ಮ" ಎಂದು ಹೊರಟುಬಿಡುತ್ತಿದ್ದಳು. ನಾನು ಹುಟ್ಟಿ ಮನೆಗೆ ಬಂದ ದಿನವೂ ಎರಡು ಮನೆಯ ಮಕ್ಕಳಿಗೆ ನೀರು ಹಾಕಿ, ಆಮೇಲೆ ಬಂದು ನನಗೆ ಹಾಕಿದ್ದಳು. ಅಪ್ಪ ನಮ್ಮನ್ನು ಬಿಟ್ಟು ಹೋದ ಮೇಲೆ ನನ್ನನ್ನು ಡಿಗ್ರಿಯವರೆಗೆ ಓದಿಸಿದ್ದು ಆ ಕೈಗಳೇ.

ಎಂಬತ್ತರ ಹತ್ತಿರ ಅವಳಿಗೆ ಮರೆವು ಶುರುವಾಯಿತು. ಒಂದೊಂದೇ ಹೆಸರು ಹೋಯಿತು, ಆಮೇಲೆ ಮುಖಗಳೂ ಹೋದವು. ಕೆಲಸ ಮಾತ್ರ ಮರೆಯಲಿಲ್ಲ. ಬೆಳಗಾದರೆ ಸೀರೆ ಎತ್ತಿ ಕಟ್ಟಿಕೊಂಡು "ಬುಡು ಮಗ, ಹೊತ್ತಾಯ್ತು, ಬಾಣಂತಿ ಕಾಯ್ತಾವ್ಳೆ" ಎಂದು ಬಾಗಿಲಿಗೆ ಬರುತ್ತಿದ್ದಳು. ಎರಡು ಸಲ ತಪ್ಪಿಸಿಕೊಂಡು ಹೋಗಿ, ಎರಡನೆಯ ಸಲ ರಸ್ತೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಮಂಚದಿಂದ ಬಾಗಿಲವರೆಗೆ ಬರುವುದೇ ಒಂದು ಪ್ರಯಾಣ. ಆದರೂ ಬರುತ್ತಿದ್ದಳು. ಅಮ್ಮ ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದ ಮೇಲೆ ಅಜ್ಜಿಯನ್ನು ನೋಡಿಕೊಳ್ಳಲು ಉದಯಗಿರಿಯಿಂದ ಜಯಮ್ಮ ಎಂಬ ಹೆಂಗಸು ಬರುತ್ತಿದ್ದಳು. ಬೆಳಗಿನ ಪಾಳಿ ನನ್ನದು. ನಾನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಪಾಠ ಹೇಳುತ್ತಿದ್ದೆ. ಪಾಠದ ಹೊತ್ತಿನಲ್ಲಿ ಅಜ್ಜಿಯನ್ನು ಕೋಣೆಗೆ ಸೇರಿಸಿ, ಹೊರಗಿನಿಂದ ಬೀಗ ಹಾಕಿ, ಬೀಗದಕೈ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದೆ.

ಆ ಗುರುವಾರ ಒಂಬತ್ತಕ್ಕೆ ಪಾಠ ಶುರುವಾಗಬೇಕಿತ್ತು. ಅಜ್ಜಿ ಬಾಗಿಲ ಚೌಕಟ್ಟು ಬಿಗಿಯಾಗಿ ಹಿಡಿದುಕೊಂಡು ಒಳಗೆ ಹೋಗಲೊಲ್ಲಳು. ಬೆರಳು ಬಿಡಿಸಿದರೆ ಮತ್ತೆ ಹಿಡಿಯುತ್ತಿದ್ದಳು. "ಕೂಸು ಅಳ್ತಾ ಅದೆ, ನಿಂಗೆ ಕೇಳಾಕಿಲ್ವಾ?" ಎಂದಳು. ನಾನು ಕೆನ್ನೆಗೆ ಹೊಡೆದೆ. ಅದೇ ಮೊದಲ ಸಲವಲ್ಲ. ಆದರೆ ಅವತ್ತಿನಷ್ಟು ಜೋರಾಗಿ ಹಿಂದೆ ಹೊಡೆದಿರಲಿಲ್ಲ. ಅವಳು ಅಳಲಿಲ್ಲ, ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಒಳಗೆ ಕೂರಿಸಿ ಬೀಗ ಹಾಕಿದೆ.

ಆ ಬಾಗಿಲಿಗೆ ಎದುರಾಗಿ, ನಡುಮನೆಯಲ್ಲಿ ಕೂತು ಒಂದೂವರೆ ಗಂಟೆ ಪಾಠ ಮಾಡಿದೆ. ಎದ್ದು ನೀರು ಕುಡಿಯಲಿಕ್ಕೂ ಹೋಗಲಿಲ್ಲ. ಕೋಣೆಗೆ ಇರುವುದು ಒಂದೇ ಕಿಟಕಿ, ಅದಕ್ಕೆ ಕಬ್ಬಿಣದ ಸರಳು. ಹತ್ತೂವರೆಗೆ ಬೀಗ ತೆಗೆದಾಗ ಅಜ್ಜಿ ಮಂಚದ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಸೀರೆಯ ಅಂಚು ಒದ್ದೆ, ಕೈಗಳು ಮೊಣಕೈವರೆಗೆ ಒದ್ದೆ. ಹಾಸಿಗೆಯಲ್ಲೇ ಮಾಡಿಕೊಂಡಿದ್ದಾಳೆಂದು ಬೈಯುತ್ತಾ ಟವೆಲ್ಲಿನಿಂದ ಒರಟಾಗಿ ಒರೆಸಿದೆ. ಹಾಸಿಗೆ ಒಣಗಿತ್ತು. ಟವೆಲ್ ಮೂಗಿನ ಹತ್ತಿರ ಬಂದಾಗ ಹರಳೆಣ್ಣೆ, ಸೀಗೆಪುಡಿಯ ವಾಸನೆ ಬಂತು. ಅವೆರಡೂ ನಮ್ಮ ಮನೆಯಲ್ಲಿ ಇಲ್ಲದೆ ವರ್ಷವಾಗಿತ್ತು. "ಹೆಣ್ಣು ಕೂಸು, ಚಿನ್ನದಂಥದ್ದು" ಎಂದು ಅಜ್ಜಿ ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಆ ಬಗ್ಗೆ ಯೋಚಿಸಲಿಲ್ಲ, ಮುಂದಿನ ಪಾಠಕ್ಕೆ ಹೊತ್ತಾಗಿತ್ತು.

ಸೋಮವಾರ ಬೆಳಿಗ್ಗೆ ಅಜ್ಜಿ ತೀರಿಕೊಂಡಳು. ಆಗಲೂ ಕೋಣೆಗೆ ಬೀಗ ಹಾಕಿತ್ತು.

ಹನ್ನೊಂದನೆಯ ದಿನದ ತಿಥಿಗೆ ನೆಂಟರೆಲ್ಲ ಸೇರಿದ್ದರು. ಜಯಮ್ಮನೂ ಬಂದಿದ್ದಳು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಿನಕಲ್‌ನಿಂದ ಪುಟ್ಟಮ್ಮ ಎಂಬವರು ಬಂದರು. ಅವರ ಮಗಳು ಹುಟ್ಟಿದಾಗ ನೀರು ಹಾಕಿದ್ದವಳು ನಮ್ಮ ಅಜ್ಜಿಯೇ. ಈಗ ಆ ಮಗಳಿಗೇ ಮಗುವಾಗಿತ್ತು. ಕೈಯಲ್ಲಿ ಒಂದು ಹೊಸ ಸೀರೆ, ಎಲೆಯಡಿಕೆ. ಬಾಗಿಲ ಮುಂದಿನ ಶಾಮಿಯಾನ ನೋಡಿ ಅಲ್ಲೇ ನಿಂತುಬಿಟ್ಟರು. ವಿಷಯ ತಿಳಿದ ಮೇಲೆ ಕೂತು ಅತ್ತು, ಅಮ್ಮನಿಗೆ ಹೇಳಿದರು:

"ಇವತ್ತಿಗೆ ಎರಡು ವಾರ ಆಯ್ತು ಕಣಮ್ಮ. ನೀರ್ ಹಾಕೋಳು ಕೈ ಕೊಟ್ಬುಟ್ಟಿದ್ಲು. ಹಂಡೇಲಿ ನೀರು ಕಾದು ಕೂತಿತ್ತು, ಕೂಸು ಒಂದೇ ಸಮ ಅಳ್ತಿತ್ತು. ಹಿಂದಕ್ಕೆ ತಿರುಗಿದ್ರೆ ನಂಜಕ್ಕ ಬಚ್ಚಲ ಬಾಗ್ಲಲ್ಲಿ ಸೀರೆ ಎತ್ತಿ ಕಟ್ಕೊಂಡು ನಿಂತವ್ಳೆ! ಎಷ್ಟು ಚೆಂದಾಗಿ ನೀರ್ ಹಾಕಿದ್ಲು ಅಂತೀರಿ. ಕಾಫಿ ಕುಡ್ದು ಹೋಗಕ್ಕ ಅಂದ್ರೆ, ಬ್ಯಾಡ, ಬಾಗ್ಲು ತೆಗ್ಯೋದ್ರೊಳಗೆ ಹೋಗ್ಬೇಕು, ಇಲ್ದಿದ್ರೆ ಹೊಡೀತಾಳೆ ಅಂದ್ಲು. ಕೆನ್ನೆ ಬೇರೆ ಊದಿತ್ತು. ಯಾರಕ್ಕ ಹೊಡ್ಯೋದು ಅಂದೆ. ಮಾತಾಡ್ನಿಲ್ಲ."

ಎಷ್ಟು ಹೊತ್ತಿಗೆ ಬಂದಿದ್ದಳು ಎಂದು ಯಾರೋ ಕೇಳಿದರು. ಒಂಬತ್ತೂವರೆ ಇರಬಹುದು ಎಂದರು. ಹಿನಕಲ್ ಊರಿನ ಆ ತುದಿ. ವಾಕರ್ ಹಿಡಿದ ಮುದುಕಿ ಅಲ್ಲಿಗೆ ಹೋಗಿ ಬಂದಳೆಂಬುದನ್ನು ಅಲ್ಲಿದ್ದವರಲ್ಲಿ ಒಬ್ಬರೂ ನಂಬಲಿಲ್ಲ. ದಿನ ತಪ್ಪಿರಬೇಕು, ಬೇರೆ ಯಾರೋ ಇರಬೇಕು ಅಂದರು. ಆದರೆ ಅವಳನ್ನು ಯಾರೋ ಹೊಡೆಯುತ್ತಿದ್ದರು ಎಂಬುದನ್ನು ಮಾತ್ರ ಎಲ್ಲರೂ ತಕ್ಷಣ ನಂಬಿದರು. ಎಲ್ಲರ ಕಣ್ಣೂ ಜಯಮ್ಮನ ಕಡೆ ತಿರುಗಿತು. ವರಸೆಯಲ್ಲಿ ಸೋದರಮಾವನಾಗುವ ಒಬ್ಬ, "ಏನಮ್ಮ, ಕೂಲಿ ತಗೊಂಡು ಮುದುಕೀನ ಹೊಡೀತಿದ್ಯಾ?" ಎಂದು ಕೂಗಿದ.

"ಅಯ್ಯೋ, ನಾನು ಬರೋದೇ ಮಧ್ಯಾಹ್ನದ ಮ್ಯಾಕೆ ಕಣಣ್ಣ. ಬೆಳಿಗ್ಗೆ ಹೊತ್ತು ನಾನೆಲ್ಲಿರ್ತೀನಿ?" ಎಂದು ಜಯಮ್ಮ ನನ್ನನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ಆ ಗುರುವಾರ ಮಧ್ಯಾಹ್ನ ಅಜ್ಜಿಯ ಕೆನ್ನೆಗೆ ಎಣ್ಣೆ ಹಚ್ಚಿದವಳೇ ಅವಳು. ನಾನು ಎಲೆಗಳಿಗೆ ಉಪ್ಪು ಬಡಿಸುತ್ತಿದ್ದೆ. ತಲೆಯೆತ್ತದೆ ಮುಂದಿನ ಎಲೆಗೆ ಬಡಿಸಿದೆ. ಅವಳನ್ನು ಊಟಕ್ಕೂ ಕೂರಿಸದೆ ಹೊರಗೆ ಕಳಿಸಿದರು.

ಎರಡು ವರ್ಷ ಕಳೆದು, ತಡೆಯಲಾರದೆ, ಒಂದು ಭಾನುವಾರ ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಬಟ್ಟೆ ಮಡಿಸುತ್ತಿದ್ದಳು. "ಗೊತ್ತಿತ್ತು" ಎಂದಳು. "ಕೆನ್ನೆ ಮೇಲೆ ಉಂಗುರದ ಗುರುತಿತ್ತು. ಜಯಮ್ಮನ ಕೈಲಿ ಉಂಗುರ ಎಲ್ಲಿತ್ತು?"

"ಮತ್ಯಾಕೆ ಅವತ್ತು ಸುಮ್ನಿದ್ದೆ?"

"ನೀನ್ಯಾಕೆ ಸುಮ್ನಿದ್ದೆ?" ಎಂದಳು. ಮತ್ತೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಮರುದಿನ ಉದಯಗಿರಿಗೆ ಹೋಗಿ ಜಯಮ್ಮನನ್ನು ಹುಡುಕಿದೆ. ಆಪಾದನೆ ಬಂದ ಮೇಲೆ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದೂ, ಮನೆ ಖಾಲಿ ಮಾಡಿಕೊಂಡು ಹೋದಳೆಂದೂ ಪಕ್ಕದ ಮನೆಯವರು ಹೇಳಿದರು. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ.

ಹಿನಕಲ್‌ಗೂ ಹೋಗಿ ಬಂದೆ. ಪುಟ್ಟಮ್ಮ ಅದೇ ದಿನ, ಅದೇ ಹೊತ್ತು ಎಂದರು. ಅವರ ಮಗಳೂ ಅದನ್ನೇ ಹೇಳಿದಳು. ಬೀಗ ಹಾಕಿದವಳು ನಾನು, ಬಾಗಿಲಿನ ಎದುರಿಗೆ ಕೂತಿದ್ದವಳು ನಾನು. ಅಜ್ಜಿ ಹೇಗೆ ಹೋದಳು, ಹೇಗೆ ಬಂದಳು, ನನಗೆ ಇಂದಿಗೂ ತಿಳಿಯದು. ಯಾರು ಹೊಡೆದದ್ದೆಂದು ಮೂರು ಮೂರು ಸಲ ಕೇಳಿದರೂ ಅವಳು ಹೆಸರು ಹೇಳಲಿಲ್ಲವಂತೆ. ನನ್ನನ್ನು ಉಳಿಸಬೇಕೆಂದು ಹೇಳಲಿಲ್ಲವೋ, ಅಷ್ಟು ಹೊತ್ತಿಗಾಗಲೇ ನನ್ನ ಹೆಸರು ಅವಳಿಗೆ ಮರೆತುಹೋಗಿತ್ತೋ, ಅದೂ ತಿಳಿಯದು.