ಬಿಳಿಗೆ ಹಾಕಿದ ನೀಲಿ

ತಿರುಮಕೂಡಲು ನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರಂಜಿನಿಯ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಪಕ್ಕದಲ್ಲೇ ತೊಲೆಗೆ ಕಟ್ಟಿದ ಹಳೇ ಸೀರೆಯ ಜೋಲಿ, ಜೋಲಿಯೊಳಗೆ ಇನ್ನೂ ಹಲ್ಲು ಬಾರದ ಮಗಳು ದಿವ್ಯ. ಜೋಲಿಯ ದಾರ ಎಡಗಾಲಿನ ಹೆಬ್ಬೆರಳಿಗೆ, ಮೌಸು ಬಲಗೈಗೆ. ರಂಜಿನಿ ಕೆಲಸ ಮಾಡುತ್ತಿದ್ದುದು ಹೀಗೆ. ನಾಮಕರಣ, ಮದುವೆ, ಗೃಹಪ್ರವೇಶ ಎಂದು ಬೀದಿಯವರು ಹಾಕಿಸುವ ಫ್ಲೆಕ್ಸುಗಳಿಗೆ ಡಿಸೈನು ಅವಳದು. ಪ್ರಿಂಟು ಮಾತ್ರ ನಂಜನಗೂಡಿನ ಒಂದು ಪ್ರೆಸ್ಸಿನಲ್ಲಿ.

ಅವಳ ಮಾವ ಚನ್ನಯ್ಯ ಬೋರ್ಡು ಬರೆಯುವವರು. ಫ್ಲೆಕ್ಸು ಬಂದ ಮೇಲೆ ಅವರ ಬ್ರಷ್ಷಿಗೆ ಕೆಲಸ ಕಡಿಮೆಯಾಗಿತ್ತು. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದರೇನೋ. ಇವರು ಟೀ ಅಂಗಡಿಯಲ್ಲಿ ಕೂತು, "ನನ್ನ ಒಟ್ಟೆ ಮ್ಯಾಲೆ ಒಡೆದೋಳೇ ದಿನಾ ಮುದ್ದೆ ಮಾಡಿ ಒಟ್ಟೆ ತುಂಬುಸ್ತಾವ್ಳೆ ಕಣ್ಲಾ, ಯಾರ್ಗೇಳನ" ಎಂದು ಎಲ್ಲರನ್ನೂ ನಗಿಸುತ್ತಿದ್ದರು.

2006ರ ಬೇಸಗೆ. ಬುದ್ಧ ಪೂರ್ಣಿಮೆ ಹತ್ತಿರ ಬಂದಿತ್ತು. ಬೀದಿಯ ಸಂಘದ ಹಿರಿಯ, ನಿವೃತ್ತ ಕಂಡಕ್ಟರ್ ಮಾರಯ್ಯ ಬಂದು ಜಗಲಿಯ ಮೇಲೆ ಕೂತರು. ಮೆರವಣಿಗೆಯ ಮುಂದೆ ಹಿಡಿಯಲು ದೊಡ್ಡ ಫ್ಲೆಕ್ಸು ಬೇಕು, ಅದರ ತುಂಬ ಬೌದ್ಧರ ಪಂಚರಂಗದ ಬಾವುಟ ಇರಬೇಕು ಎಂದರು.

"ಓದ್ ವರ್ಸ ಮೈಸೂರಲ್ಲಿ ಮಾಡ್ಸುದ್ದೋ. ಈ ಸಲ ನಮ್ ಬೀದಿ ಎಣ್ಣುಮಗ್ಳೇ ಮಾಡ್ಲಿ ಅಂತ ಸಂಘದಲ್ಲಿ ಜಗಳ ಆಡಿ ಬಂದಿವ್ನಿ ಕಣವ್ವ. ಮಿಕ್ಕಿದ್ ಎಂಗಾದ್ರೂ ಇರ್ಲಿ. ಬಾವುಟದ ನೀಲಿ ಮಾತ್ರ ಕೆಡ್ಬಾರ್ದು."

"ಕೆಡಲ್ಲ ಬುಡಿ ದೊಡ್ಡಪ್ಪ" ಎಂದಳು ರಂಜಿನಿ. ಅಂಥ ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಅದೇ ಮೊದಲು.

ಆ ವಾರವಷ್ಟೇ ಅವಳ ಗಂಡ ಸಿದ್ಧಾರ್ಥ ಮೈಸೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಮಾನಿಟರು ತಂದಿದ್ದ. ಮೊದಲ ಸಲ ಹಚ್ಚಿದಾಗ ಪರದೆಯ ಬಿಳಿ ಅವಳಿಗೆ ಹಿಡಿಸಲಿಲ್ಲ. ಒಗೆದು ಒಗೆದು ಹಳದಿಗಟ್ಟಿದ ಬನಿಯನ್ನಿನ ಹಾಗಿತ್ತು. ಆ ಮನೆಯಲ್ಲಿ ಬಿಳಿ ಎಂದರೆ ನೀಲಿಗೆ ಅದ್ದಿ ತೆಗೆದ ಬಿಳಿ. ಮಾವನ ಪಂಚೆಯಾಗಲಿ, ಮಗುವಿನ ಲಂಗೋಟಿಯಾಗಲಿ, ಕೊನೆಯ ನೀರಿಗೆ ನಾಲ್ಕು ತೊಟ್ಟು ನೀಲಿ ಬೀಳದೆ ಹಗ್ಗಕ್ಕೆ ಹೋಗುತ್ತಿರಲಿಲ್ಲ. ಅವಳು ಮಾನಿಟರಿನ ಗುಂಡಿಗಳನ್ನು ಒತ್ತುತ್ತ ಹೋದಳು. ಒಂದು ಕಡೆ ಕಲರ್ ಟೆಂಪರೇಚರ್ ಎಂದಿತ್ತು. ಅದರ ಕೆಳಗೆ ಎರಡು ಅಂಕಿ, 6500 ಮತ್ತು 9300. ದೊಡ್ಡ ಅಂಕಿ ಒತ್ತಿದಳು. ಪರದೆ ಆಗತಾನೆ ಒಗೆದ ಪಂಚೆಯಂತಾಯಿತು. ಬಾಗಿಲಿಂದ ಬಿಸಿಲು ಬೀಳುತ್ತದಲ್ಲ ಎಂದು ಬ್ರೈಟ್‌ನೆಸ್ಸನ್ನೂ ತುದಿಗೆ ಏರಿಸಿ ನಿಶ್ಚಿಂತಳಾದಳು.

ಆ ಪರದೆಯ ಮೇಲೇ ಬಾವುಟ ಬರೆದಳು. ನೀಲಿ ವಿಪರೀತ ಕಣ್ಣಿಗೆ ಹೊಡೆಯಿತು. ಇಷ್ಟಿಷ್ಟೇ ಕೆಂಪು ಬೆರೆಸಿ ಅದನ್ನು ಹದಕ್ಕೆ ತಂದಳು. ಸಿ.ಡಿ.ಯಲ್ಲಿ ಹಾಕಿ ಕಳಿಸಿದಳು.

ಮಾದರಿಯ ತುಂಡು ಬಸ್ಸಿನಲ್ಲಿ ಬಂತು. ಮಾರಯ್ಯ ಜಗಲಿಯ ಮೇಲೆ ಅದನ್ನು ಬಿಡಿಸಿದರು, ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು.

"ಏನವ್ವ ಇದು. ನೀಲಿ ಕೇಳುದ್ರೆ ಬದ್ನೇಕಾಯಿ ಕೊಟ್ಟಿದ್ದೀಯೆ."

ಚನ್ನಯ್ಯ ಬಗ್ಗಿ ನೋಡಿದರು. "ಎಣ್ಣೆಗಾಯಿಗೆ ಎಳೇದಾಗೈತೆ."

"ನಗ್ಬ್ಯಾಡ ಕಣ್ಲಾ ಚನ್ನ. ಈ ಬಣ್ಣ ಇಡ್ಕೊಂಡು ಬೀದೀಲಿ ಎಂಗ್ ನಡೆಯದು? ಸಂಘದೋರು ಆಗ್ಲೇ ಮೈಸೂರು ಮೈಸೂರು ಅಂತಾವ್ರೆ. ನಾಳಿದ್ದು ಮಧ್ಯಾನದ ತಂಕ ಕಾಯ್ತೀನಿ. ಆಮ್ಯಾಲೆ ನನ್ ಕೈಲಾಗಕ್ಕಿಲ್ಲ."

ರಂಜಿನಿ ತಿರುಗಿ ಪರದೆ ನೋಡಿದಳು. ಅಲ್ಲಿ ನೀಲಿ ನೀಲಿಯಾಗಿಯೇ ಇತ್ತು. ಪ್ರೆಸ್ಸಿನವರೇ ಕೆಡಿಸಿದ್ದಾರೆ ಎಂದು ಅವಳಿಗೆ ಸಿಟ್ಟು ಬಂತು. ಮಾರನೆಯ ಬೆಳಿಗ್ಗೆ ಮಗುವನ್ನು ಕಂಕುಳಿಗೆ ಏರಿಸಿ ನಂಜನಗೂಡಿನ ಬಸ್ಸು ಹತ್ತಿದಳು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಪ್ರೆಸ್ಸಿನ ದೀಪಕ್ ಜಗಳಕ್ಕೆ ಅವಕಾಶ ಕೊಡಲಿಲ್ಲ. ಮಗುವಿಗೆ ಒಂದು ಬಿಸ್ಕತ್ತು ಹಿಡಿಸಿ, ಅವಳ ಸಿ.ಡಿ.ಯನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಅವನ ಪರದೆಯ ಮೇಲೂ ಬದನೆಕಾಯಿಯೇ ಅರಳಿತು.

"ನಮ್ಮನೇಲಿ ನೀಲೀನೇ ಕಾಣ್ತದಲ್ಲಪ್ಪ" ಎಂದಳು.

"ನಿಮ್ಮ ಮಾನಿಟರ್ ಎಷ್ಟಕ್ಕಿಟ್ಟಿದ್ದೀರಕ್ಕ, ಅರವತ್ತೈದಕ್ಕೋ ತೊಂಬತ್ಮೂರಕ್ಕೋ?"

"ತೊಂಬತ್ಮೂರು. ಬಿಳಿ ಚೆನ್ನಾಗ್ ಕಂಡ್ತು."

ದೀಪಕ್ ನಕ್ಕ. "ಅಲ್ಲೇ ಇರೋದು. ಅಂಕಿ ಏರಿದಷ್ಟೂ ಬಿಳಿಗೆ ನೀಲಿ ಹತ್ತುತ್ತೆ. ಬರೀ ಬಿಳಿಗಲ್ಲ, ಎಲ್ಲಾದಕ್ಕೂ. ನೀಲಿ ಜಾಸ್ತಿ ಆಯ್ತಲ್ಲ ಅಂತ ನೀವು ಕೆಂಪು ಬೆರೆಸಿದ್ರಿ. ಪರದೆಯ ನೀಲಿ ಪರದೇಲೇ ಉಳೀತು, ನೀವು ಹಾಕಿದ ಕೆಂಪು ಇಲ್ಲಿಗೆ ಬಂತು."

"ಟೆಂಪರೇಚರ್ ಅಂದ್ರೆ ಶಾಖ ತಾನೆ? ಬಣ್ಣಕ್ಕೆಂಥ ಶಾಖ?"

"ಅದು ನಂಗೂ ಗೊತ್ತಿಲ್ಲ ಅಕ್ಕ. ಮಿಷನ್ ಕೊಟ್ಟೋರು ಹೇಳಿಕೊಟ್ಟಿದ್ದಿಷ್ಟು." ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಪರದೆಯ ಬೆಳಕನ್ನು ನಿಟ್ ಎಂದು ಅಳೆಯುತ್ತಾರಂತೆ. ಹೆಚ್ಚುಕಡಿಮೆ ಒಂದು ಚದರ ಮೀಟರಿಗೆ ಒಂದು ಮೇಣದ ಬತ್ತಿಯ ಲೆಕ್ಕ. "ನಿಮ್ಮ ಪರದೆ ನೂರು ಬತ್ತಿ ಹಚ್ಕೊಂಡು ಕೂತಿದೆ. ಫ್ಲೆಕ್ಸಿಗೆ ತನ್ನದು ಅಂತ ಒಂದು ಬತ್ತೀನೂ ಇಲ್ಲ. ಬಿಸಿಲು ಕೊಟ್ಟಿದ್ದರಲ್ಲಿ ಒಂಚೂರು ವಾಪಸ್ ಕೊಡುತ್ತೆ, ಅಷ್ಟೆ. ಪರದೆ ತೋರಿಸೋ ನೀಲಿಯೆಲ್ಲ ಇಂಕಿಗೆ ಬರೋದೂ ಇಲ್ಲ. ಬರೋ ನೀಲೀಲೇ ಒಂದು ಆರಿಸ್ಕೊಳ್ಳಿ."

ಜೋಡಿಸಿಕೊಂಡಿದ್ದ ಜಗಳವನ್ನು ಹಾಗೇ ವಾಪಸ್ಸು ತಂದಳು. ಮನೆಗೆ ಬಂದರೆ ಮಗುವಿನ ಬಟ್ಟೆ ರಾಶಿ ಬಿದ್ದಿತ್ತು. ಒಗೆದು ಕೊನೆಯ ಬಕೆಟ್ಟಿಗೆ ನೀಲಿ ಬಿಟ್ಟಳು. ತೊಟ್ಟು ಹೊಗೆಯ ಹಾಗೆ ಬಿಡಿಸಿಕೊಂಡು ನೀರಿನ ತುಂಬ ಹರಡಿತು. ಲಂಗೋಟಿಯನ್ನು ಅದ್ದಿ ಎತ್ತಿದವಳು ಹಾಗೇ ಹಿಡಿದುಕೊಂಡು ನಿಂತಳು. ಬಟ್ಟೆಯ ಹಳದಿ ಎಲ್ಲಿಗೂ ಹೋಗಿರಲಿಲ್ಲ. ಮೇಲೊಂದಿಷ್ಟು ನೀಲಿ ಕೂತು, ಕಣ್ಣಿಗೆ ಬೆಳ್ಳಗೆ ಕಂಡಿತ್ತು. ಮಾನಿಟರಿಗೂ ಅವಳು ಮಾಡಿದ್ದು ಇದನ್ನೇ.

"ಮಾವ, ಪರದೇನೂ ನೀಲಿಗೆ ಅದ್ದಿಬಿಟ್ಟಿದ್ದೀನಿ" ಎಂದು ಹಿತ್ತಲಿನಿಂದಲೇ ಕೂಗಿದಳು.

ಚನ್ನಯ್ಯ ಪೂರ್ತಿ ಕೇಳಿಸಿಕೊಂಡರು. ಶಾಖದ ವಿಷಯಕ್ಕೆ ಬಂದಾಗ ಅವರು ಎಲೆಯಡಿಕೆ ಉಗುಳಿ ಬಂದರು. "ಕುಲುಮೇಲಿ ಕಬ್ಬಿಣ ನೋಡಿಲ್ವಾ ಮಗ? ಮೊದ್ಲು ಕೆಂಪಾಯ್ತದೆ, ಆಮ್ಯಾಲೆ ಅಳದಿ, ಇನ್ನೂ ತಿದಿ ಒತ್ತುದ್ರೆ ಬೆಳ್ಳಗೆ ಆಯ್ತದೆ. ಅದ್ಕೂ ಮ್ಯಾಲೆ ಕಾಯ್ಸೋಕೆ ನಮ್ಮೂರ್ ಕುಲುಮೆಗೆ ತಾಕತ್ತಿಲ್ಲ. ಇದ್ದಿದ್ರೆ ನೀಲಿಗೆ ತಿರುಗ್ತಿತ್ತೋ ಏನೋ."

ಆ ಅಂಕಿ ಅವಳಿಗೆ ಆಗ ಅರ್ಥವಾಯಿತು. ಶಾಖ ಏರಿದಂತೆ ಬೆಳಕು ಕೆಂಪಿನಿಂದ ನೀಲಿಯ ಕಡೆಗೆ ನಡೆಯುತ್ತದೆ. 9300 ಎಂದರೆ ಭಾರಿ ಕಾದ ಬಿಳಿ.

ಮೇಜನ್ನು ಬಿಸಿಲು ಬೀಳದ ಮೂಲೆಗೆ ಸರಿಸಿದರು. ರಂಜಿನಿ 6500 ಒತ್ತಿದಳು. ಪರದೆಯ ಪಕ್ಕಕ್ಕೆ ಒಂದು ಬಿಳಿ ಹಾಳೆ ಹಿಡಿಯಲು ಮಾವನಿಗೆ ಹೇಳಿ, ಪರದೆಯ ಬಿಳಿ ಹಾಳೆಯ ಬಿಳಿಗೆ ಸಮವಾಗುವ ತನಕ ಬ್ರೈಟ್‌ನೆಸ್ ಇಳಿಸಿದಳು. ಮಾರಯ್ಯನವರ ಮನೆಯಿಂದ ಸಂಘದ ಬಟ್ಟೆಯ ಬಾವುಟ ತಂದು ಎದುರಿಗೆ ತೂಗುಹಾಕಿದಳು. ಬೆರೆಸಿದ್ದ ಕೆಂಪನ್ನು ತೆಗೆದಳು. ಬಾವುಟ ನೋಡುವುದು, ನೀಲಿಯನ್ನು ಒಂದಿಷ್ಟು ಸರಿಸುವುದು, ಮತ್ತೆ ಬಾವುಟ ನೋಡುವುದು.

"ಮಂಕಾಯ್ತಲ್ಲ ಮಗ" ಎಂದರು ಚನ್ನಯ್ಯ.

"ಬತ್ತಿ ಆರಿಸಿದ್ದೀನಿ ಮಾವ, ಅದ್ಕೆ" ಎಂದಳು. ಅವಳಿಗೂ ಅದು ಮಂಕಾಗಿಯೇ ಕಂಡಿತ್ತು. ಕಣ್ಣು ಬೇಡ ಎನ್ನುತ್ತಿದ್ದುದನ್ನು ಹಾಳೆಯ ಮಾತು ಕೇಳಿ ಒಪ್ಪಬೇಕಾಗಿತ್ತು.

ಸಂಜೆಯ ಬಸ್ಸಿಗೆ ಸಿ.ಡಿ. ಹೋಯಿತು. ಮಾರನೆಯ ದಿನ ಮಧ್ಯಾಹ್ನ ಹೊಸ ಮಾದರಿ ಬಂದಾಗ ಮಾರಯ್ಯ ಆಗಲೇ ಜಗಲಿಯ ಮೇಲಿದ್ದರು. ರಂಜಿನಿ ಸುರುಳಿ ಬಿಚ್ಚುವಷ್ಟು ಧೈರ್ಯ ಸಾಲದೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಳು. ಚನ್ನಯ್ಯ ಫ್ಲೆಕ್ಸನ್ನೂ ಬಟ್ಟೆಯ ಬಾವುಟವನ್ನೂ ಬೀದಿಯ ಬಿಸಿಲಿಗೆ ಒಯ್ದು ಒಟ್ಟಿಗೆ ಹಿಡಿದರು. ಮಾರಯ್ಯ ಹತ್ತಿರ ಹೋದರು, ಹಿಂದೆ ಸರಿದರು, ಎದುರುಮನೆಯ ಗೋಡೆಗೆ ಬೆನ್ನು ತಾಗುವವರೆಗೂ ಸರಿದರು.

"ಕೂದ್ಲೆಳೆ ವ್ಯತ್ಯಾಸ ಐತೆ" ಎಂದರು.

"ಬಟ್ಟೇದು ಓದ್ ವರ್ಸದ ಬಿಸ್ಲು ಕುಡಿದೈತೆ ಕಣೋ, ಅದ್ಕೆ" ಎಂದರು ಚನ್ನಯ್ಯ.

ಮಾರಯ್ಯ ಇನ್ನೂ ಸ್ವಲ್ಪ ಹೊತ್ತು ನೋಡಿದರು. "ನಮ್ ನೀಲೀನೇ ಕಣವ್ವ" ಎಂದವರೇ ಜೇಬಿನಿಂದ ಮೊಬೈಲು ತೆಗೆದು ದೂರ ಹಿಡಿದು ಗುಂಡಿ ಹುಡುಕತೊಡಗಿದರು. "ತಡಿ, ಮೈಸೂರೋರ್ಗೆ ಬ್ಯಾಡ ಅಂದ್ಬುಡ್ತೀನಿ. ಬೆಳಿಗ್ಗೇನೇ ಮಾಡಿ ಅಂತ ಯೋಳ್ಬುಟ್ಟಿದ್ದೆ."

"ಅಂದ್ರೆ ನಂಬಿಕೆ ಇರ್ಲಿಲ್ಲ ನಿಮ್ಗೆ" ಎಂದಳು ರಂಜಿನಿ. ನಗು ತಡೆಯಲಾಗಲಿಲ್ಲ.

"ನಿನ್ಮ್ಯಾಲಿತ್ತು. ಬದ್ನೇಕಾಯಿ ಮ್ಯಾಲೆ ಇರ್ಲಿಲ್ಲ."

ಪೂರ್ಣಿಮೆಯ ಹಿಂದಿನ ದಿನ ರಂಜಿನಿ ಮೆರವಣಿಗೆಗೆಂದು ಮಾವನ ಬಿಳಿ ಅಂಗಿ ಒಗೆದಳು. ಕೊನೆಯ ಬಕೆಟ್ಟಿನ ಮುಂದೆ ನೀಲಿ ಶೀಸೆ ಹಿಡಿದು ಕೇಳಿದಳು. "ಹಾಕ್ಲಾ ಮಾವ, ಇರೋ ಹಂಗೇ ಇರ್ಲಾ?"

ಮೊಮ್ಮಗಳನ್ನು ತೊಡೆಯ ಮೇಲೆ ಕುಣಿಸುತ್ತಿದ್ದ ಚನ್ನಯ್ಯ ತಲೆ ಎತ್ತಲೇ ಇಲ್ಲ.

"ಆಕವ್ವ, ಧಾರಾಳ್ವಾಗಿ ಆಕು. ನನ್ನೇನ್ ಪ್ರಿಂಟ್ ಮಾಡ್ಸಕ್ಕಿಲ್ವಲ್ಲ."