ಮಫ್ಲರ್ ಮಹಾಂತಯ್ಯನವರ ತಣ್ಣನೆಯ ಸಂಸಾರ
ಡಾಂಬರು ಚಪ್ಪಲಿಗೆ ಅಂಟುವ ಜೂನ್ ತಿಂಗಳಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದವರು ಒಮಾನ್ ದೇಶದ ಇಡೀ ಸೊಹಾರ್ ಪಟ್ಟಣದಲ್ಲಿ ಬಾಗಲಕೋಟೆಯ ಮಹಾಂತಯ್ಯನವರೊಬ್ಬರೇ. ಎಣ್ಣೆ ಸೋರಿದ ಮಣ್ಣನ್ನು ಶುದ್ಧಮಾಡುವ ಕಂಪನಿಯ ಲ್ಯಾಬಿನಲ್ಲಿ ಅವರದು ತಣ್ಣನೆಯ ಕೋಣೆ. ಧ್ರುವದ ಕಡೆ ಹಿಮಗಟ್ಟಿದ ನೆಲ ಕರಗಿ ಆದ ಹೊಂಡಗಳಿಂದ ತರಿಸಿದ, ಎಣ್ಣೆಯನ್ನೂ ತಿಂದು ಅರಗಿಸುವ ಶಿಲೀಂಧ್ರಗಳನ್ನು ಅಲ್ಲಿ ಮಕ್ಕಳಂತೆ ಸಾಕುತ್ತಿದ್ದರು. “ಬೂಷ್ಟು ಅನಬ್ಯಾಡ್ರಿ. ಕಾಲಕೆಳಗಿನ ನೆಲಾನ ಕರಗಿ ಹೋದ್ರೂ ಆ ರಾಡಿ ನೀರಾಗ ಕೊಳತದ್ದು ತಿಂದು ಬದುಕ್ಯಾವ. ಗಟ್ಟಿ ಮಂದಿ!” ಎನ್ನುತ್ತಿದ್ದರು. ಯಾರಾದರೂ ಅರೆಗಳಿಗೆ ಬಾಗಿಲು ತೆರೆದು ನಿಂತರೆ, “ಯಲ್ಲಾ, ಲಗೂನ ಬಾಗಲಾ ಹಾಕ್ರಿ, ಅವಕ್ಕ ಧಗಿ ಬಡೀತೈತಿ!” ಎಂದು ಅರಬ್ಬಿ ಬೆರೆಸಿ ಗದರುತ್ತಿದ್ದರು. ಶುಕ್ರವಾರ-ಶನಿವಾರ ಅಲ್ಲಿ ವಾರದ ರಜೆ; ಗುರುವಾರ ಸಂಜೆ ಒಂದೊಂದು ಗಾಜಿನ ತಟ್ಟೆಗೂ “ರವಿವಾರ ಬರ್ತೀನಿ” ಎಂದು ಹೇಳದೆ ಕಂಪನಿ ಬಸ್ಸು ಹತ್ತುತ್ತಿರಲಿಲ್ಲ. ಎರಡು ಸಾವಿರದ ಹದಿನಾರರಲ್ಲಿ ಎಣ್ಣೆಯ ಬೆಲೆ ಕುಸಿದು ಲ್ಯಾಬಿನ ಕುರ್ಚಿಗಳು ಒಂದೊಂದೇ ಖಾಲಿಯಾದಾಗಲೂ ಆ ಮಫ್ಲರ್ ಕದಲಲಿಲ್ಲ. ತಣ್ಣನೆಯ ಕೋಣೆಯೂ ಖಲಾಸ್ ಎಂದು ಆದೇಶ ಬಂದ ದಿನ ಮಾತ್ರ, ಊರಿಗೆ ಹೊರಟ ಹೆಂಗಸರು ಮೊಸರಿನ ಹೆಪ್ಪು ಕೆಡದಿರಲೆಂದು ನೆರೆಮನೆಗೆ ಕೊಟ್ಟುಹೋಗುವ ಹಾಗೆ, ಶಿಲೀಂಧ್ರದ ಸೀಸೆಗಳನ್ನು ಪರಿಚಯದ ಲ್ಯಾಬುಗಳಿಗೆಲ್ಲ ಹಂಚಿದರು. ಕೊನೆಯ ಐಸ್ ಡಬ್ಬಿಗೆ ತಮ್ಮ ಮಫ್ಲರನ್ನೇ ಬಿಚ್ಚಿ ಸುತ್ತಿದರು. ಮನೆಗೆ ಬಂದವರು ಹೆಂಡತಿಗೆ ಇಷ್ಟೇ ಹೇಳಿದರು: “ಸುವರ್ಣಾ, ನಮ್ಮ ಹೆಪ್ಪೂ ಬಾಜೂ ಮನಿಗೆ ಕೊಟ್ಟು ಬಾ.” ಊರಿಗೆ ಹೋಗುವ ರಜೆಗೆ ಇನ್ನೂ ಎರಡು ತಿಂಗಳಿದೆಯಲ್ಲ ಎನ್ನಲು ಬಾಯಿ ತೆರೆದ ಸುವರ್ಣಾ, ಗಂಡನ ಬರಿಗುತ್ತಿಗೆ ಕಂಡು, ಹೆಪ್ಪಿನ ಬಟ್ಟಲು ಎತ್ತಿಕೊಂಡರು.